60 ಮೈಲಿ ನಡಿಗೆ, ಅದರ ಹಿಂದಿನ 6 ತಿಂಗಳು

ಅಮೆರಿಕದ ಸ್ಯಾನ್ ಡಿಯೇಗೊದಂಥ ನಗರಗಳಲ್ಲಿ ವರ್ಷಕ್ಕೊಮ್ಮೆ ಒಂದು ದೊಡ್ಡ ನಡಿಗೆ ಹೊರಡುತ್ತದೆ. ಹೆಚ್ಚಿನವರು ಮಹಿಳೆಯರು, ಗಂಡಸರೂ ಇದ್ದಾರೆ. ಗುಲಾಬಿ ಬಣ್ಣದ ಟೀ ಶರ್ಟು, ಟೋಪಿ ತೊಟ್ಟು ಶುಕ್ರವಾರ ಬೆಳಗ್ಗೆ ಹೊರಟವರು ಭಾನುವಾರದ ಹೊತ್ತಿಗೆ 60 ಮೈಲಿ ಮುಗಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಸುಮಾರು 96 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಡ್ಯಕ್ಕೆ ಕಾಲ್ನಡಿಗೆಯಲ್ಲಿ ಹೋದಂತೆ. ರಾತ್ರಿ ಡೇರೆಯಲ್ಲಿ ಮಲಗಿ ಬೆಳಗಾದರೆ ಮತ್ತೆ ನಡಿಗೆ. ಇದರ ಹೆಸರು ‘ಸೂಸನ್ ಜಿ. ಕೋಮೆನ್ 3-ಡೇ’. ಉದ್ದೇಶ, ಸ್ತನ ಕ್ಯಾನ್ಸರ್ ಸಂಶೋಧನೆಗೆ ಮತ್ತು ರೋಗಿಗಳಿಗೆ ನೆರವಾಗಲು ಹಣ ಸಂಗ್ರಹಿಸುವುದು.

ಇದರಲ್ಲಿ ಭಾಗವಹಿಸಲು ಬರೀ ಗಟ್ಟಿ ಕಾಲು ಇದ್ದರೆ ಸಾಲದು. ಪ್ರತಿಯೊಬ್ಬರೂ ಕನಿಷ್ಠ 2,300 ಡಾಲರ್ ಸಂಗ್ರಹಿಸಿರಬೇಕು ಎಂಬ ನಿಯಮವಿದೆ. ಈಗಿನ ದರದಲ್ಲಿ ಸುಮಾರು 2 ಲಕ್ಷ ರೂಪಾಯಿ! ಹಾಗಾಗಿ ಹೆಸರು ಕೊಟ್ಟ ದಿನದಿಂದಲೇ ಎರಡು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ಒಂದು, ದೇಹವನ್ನು ತಯಾರು ಮಾಡುವುದು. ಇನ್ನೊಂದು, ಜನರ ಮುಂದೆ ಕೈಚಾಚುವುದು.

ಇದನ್ನು ಕೇಳಿದ ಕೂಡಲೇ ಯಾರಿಗಾದರೂ ಒಂದು ಪ್ರಶ್ನೆ ಬರುತ್ತದೆ. ಹಣ ಬೇಕಿದ್ದರೆ ಹಣ ಕೊಟ್ಟರಾಯಿತಲ್ಲ, ನಡೆಯುವುದು ಯಾಕೆ? ನಡೆದರೆ ಕ್ಯಾನ್ಸರ್ ವಾಸಿಯಾಗುತ್ತದೆಯೇ? ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕೇಳಿ ಬೆಳೆದ ನಮಗಂತೂ ಈ ಗುಲಾಬಿ ಗದ್ದಲ ಸ್ವಲ್ಪ ಅತಿಯಾಯಿತು ಅನಿಸಬಹುದು. ಆದರೆ ಒಳಹೊಕ್ಕು ನೋಡಿದರೆ ಈ ಎರಡು ಕೆಲಸಗಳನ್ನು ಸುಮ್ಮನೆ ಗಂಟು ಹಾಕಿದ್ದಲ್ಲ, ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ ಎಂದು ಗೊತ್ತಾಗುತ್ತದೆ.

ಮೊದಲು ಹಿನ್ನೆಲೆ. ಸೂಸನ್ ಕೋಮೆನ್ ಇಲಿನಾಯ್ ರಾಜ್ಯದ ಪಿಯೋರಿಯಾ ಊರಿನವರು. ಸ್ತನ ಕ್ಯಾನ್ಸರ್‌ನಿಂದ 1980ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ. ಈ ರೋಗ ಕೊನೆಗಾಣಲು ಕೈಲಾದದ್ದೆಲ್ಲ ಮಾಡುತ್ತೇನೆಂದು ತಂಗಿ ನ್ಯಾನ್ಸಿ ಬ್ರಿಂಕರ್ ಅಕ್ಕನಿಗೆ ಮಾತು ಕೊಟ್ಟಿದ್ದರು. 1982ರಲ್ಲಿ ಡಲ್ಲಾಸ್ ನಗರದಲ್ಲಿ ಅಕ್ಕನ ಹೆಸರಿನಲ್ಲಿ ಸಂಸ್ಥೆ ಕಟ್ಟಿದಾಗ ಅವರ ಕೈಯಲ್ಲಿದ್ದದ್ದು 200 ಡಾಲರ್ ಮತ್ತು ದಾನಿಗಳಾಗಬಹುದಾದವರ ಹೆಸರು ತುಂಬಿದ ಒಂದು ಶೂ ಡಬ್ಬಿ. ಮರುವರ್ಷ ಅಲ್ಲೇ ಮೊದಲ ಓಟ ನಡೆಸಿದರು. ಸುಮಾರು 800 ಜನ ಬಂದರು. ಆಗಿನ್ನೂ ಸ್ತನ ಕ್ಯಾನ್ಸರ್ ಎಂಬ ಪದವನ್ನು ನಾಲ್ಕು ಜನರ ನಡುವೆ ಹೇಳಲು ಅಮೆರಿಕದಲ್ಲೂ ಹಿಂಜರಿಯುತ್ತಿದ್ದರು.

ಹಲವು ದಿನಗಳ ನಡಿಗೆಯ ಉಪಾಯ ಮಾತ್ರ ಇನ್ನೊಬ್ಬರದು. ಡ್ಯಾನ್ ಪಲೋಟಾ 1983ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದಾಗ, ಹಸಿವಿನ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆಗಾಗಿ ಸಹಪಾಠಿಗಳ ಜೊತೆ ಅಮೆರಿಕದ ಒಂದು ಕಡಲಂಚಿನಿಂದ ಇನ್ನೊಂದಕ್ಕೆ ಸೈಕಲ್ ತುಳಿದರು. (ವಿದ್ಯಾರ್ಥಿಗಳು ಹುಟ್ಟುಹಾಕಿದ ಕೆಲಸ ಎಂಬುದನ್ನು ಗಮನಿಸಿ!) ಅದೇ ಅನುಭವದ ಮೇಲೆ 1994ರಲ್ಲಿ ಏಡ್ಸ್ ರೋಗಿಗಳಿಗಾಗಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲಿಸ್‌ಗೆ ಸೈಕಲ್ ಯಾತ್ರೆ ಏರ್ಪಡಿಸಿದರು. 1998ರಲ್ಲಿ ಏವನ್ ಎಂಬ ಸೌಂದರ್ಯವರ್ಧಕ ಕಂಪನಿಯ ಜೊತೆ ಸೇರಿ ಸ್ತನ ಕ್ಯಾನ್ಸರ್‌ಗಾಗಿ ಮೂರು ದಿನದ ನಡಿಗೆ ಆರಂಭಿಸಿದರು. ಅವರ ಆಲೋಚನೆ ಸರಳ. ಐದು ಕಿಲೋಮೀಟರ್ ನಡೆಯುತ್ತೇನೆ ಎಂದರೆ ಜನ ಐದೋ ಹತ್ತೋ ಡಾಲರ್ ಕೊಟ್ಟು ಕಳಿಸುತ್ತಾರೆ. ತನ್ನಿಂದ ಆದೀತೋ ಇಲ್ಲವೋ ಎಂದು ಸ್ವತಃ ಅನುಮಾನವಿರುವಷ್ಟು ದೊಡ್ಡ ಕೆಲಸವನ್ನು ಸಾಮಾನ್ಯ ಮನುಷ್ಯ ಕೈಗೆತ್ತಿಕೊಂಡರೆ ಅವನ ಹತ್ತಿರದವರು ಕಿವಿಗೊಟ್ಟು ಕೇಳುತ್ತಾರೆ.

ಇದು ಬರೀ ಊಹೆಯಲ್ಲ. ಕ್ರಿಸ್ಟೋಫರ್ ಒಲಿವೋಲಾ ಮತ್ತು ಎಲ್ಡಾರ್ ಶಫೀರ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಒಂದೇ ಉದ್ದೇಶಕ್ಕಾಗಿ ಪಿಕ್‌ನಿಕ್ ಏರ್ಪಡಿಸಿದರೆ ಎಷ್ಟು ಕೊಡುತ್ತೀರಿ, ಐದು ಮೈಲಿ ಓಡಬೇಕಾದರೆ ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ, ಕಷ್ಟದ ಓಟಕ್ಕೇ ಜನ ಹೆಚ್ಚು ಕೊಡಲು ಸಿದ್ಧರಿದ್ದರು. ಸುಖವಾಗಿ ಕೊಡಬಹುದಾದಾಗ ಕಡಿಮೆ, ಬೆವರಿಳಿಸಿ ಕೊಡಬೇಕಾದಾಗ ಜಾಸ್ತಿ! ಅರ್ಥಶಾಸ್ತ್ರದ ಪಾಠಕ್ಕೆ ಇದು ತೀರಾ ತಲೆಕೆಳಗು. ಈ ಪರಿಣಾಮ ಉದ್ಯಾನ ಕಟ್ಟುವಂಥ ಸಂತೋಷದ ಕೆಲಸಕ್ಕಿಂತ ಮನುಷ್ಯರ ನೋವು ನಿವಾರಿಸುವ ಕೆಲಸದಲ್ಲಿ ಹೆಚ್ಚು ಎಂದೂ ಅವರು ಕಂಡುಕೊಂಡರು. ಪಲೋಟಾ ಇದನ್ನು ಓದಿ ನಡಿಗೆ ಶುರುಮಾಡಿದ್ದಲ್ಲ. ಅಧ್ಯಯನ ಬಂದದ್ದು 15 ವರ್ಷದ ನಂತರ.

ಈಗ ತರಬೇತಿಗೆ ಬರೋಣ. ನಡಿಗೆಯಲ್ಲಿ ಕಲಿಯುವುದೇನಿದೆ ಎಂದು ನಗಬೇಡಿ. ಸಂಘಟಕರು ಕೊಡುವ ವೇಳಾಪಟ್ಟಿ 24 ವಾರಗಳದ್ದು. ಮೂರ್ನಾಲ್ಕು ಮೈಲಿಯಿಂದ ಶುರುವಾಗಿ ನಿಧಾನವಾಗಿ ಏರುತ್ತದೆ. ಕೊನೆಕೊನೆಗೆ ಶನಿವಾರ 18 ಮೈಲಿ, ಭಾನುವಾರ 15 ಮೈಲಿ ಎಂಬಂತೆ ಎರಡು ದಿನ ಬೆನ್ನುಬೆನ್ನಿಗೆ ನಡೆಯಬೇಕು. ಈ ಎರಡನೇ ದಿನವೇ ಮುಖ್ಯ. ಮೊದಲ ದಿನ 20 ಮೈಲಿ ಹುಮ್ಮಸ್ಸಿನಲ್ಲಿ ಯಾರಾದರೂ ನಡೆದಾರು. ಊದಿದ ಪಾದ, ಬಿಗಿದ ಮೀನಖಂಡ, ಅರೆಬರೆ ನಿದ್ದೆ ಇಟ್ಟುಕೊಂಡು ಮರುದಿನ ಬೆಳಗ್ಗೆ ಮತ್ತೆ ಶೂ ಕಟ್ಟಿಕೊಳ್ಳುವುದು ಬೇರೆಯೇ ಕೆಲಸ. ಅದನ್ನು ದೇಹಕ್ಕೂ ಮನಸ್ಸಿಗೂ ಮೊದಲೇ ಪರಿಚಯ ಮಾಡಿಸಬೇಕು.

ಸ್ವಾರಸ್ಯವೆಂದರೆ, ಇಂಥ ನಡಿಗೆಯಲ್ಲಿ ಜನರನ್ನು ಸೋಲಿಸುವುದು ಹೃದಯವೂ ಅಲ್ಲ, ಶ್ವಾಸಕೋಶವೂ ಅಲ್ಲ, ಬೊಬ್ಬೆ. ಕಾಲಿನ ಮೂಳೆ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ, ಬೆವರಿದ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಸಾವಿರಾರು ಸಲ ಹೀಗೆ ಎಳೆದಾಡಿದಾಗ ಚರ್ಮದ ಒಳಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಒದ್ದೆಯಾದಷ್ಟೂ ಎಳೆತ ಹೆಚ್ಚು. ಅದಕ್ಕೇ ಅನುಭವಿಗಳು ಹತ್ತಿಯ ಕಾಲುಚೀಲ ಹಾಕುವುದಿಲ್ಲ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೆವರನ್ನು ಹೊರಗೆ ಬಿಡುವ ಸಿಂಥೆಟಿಕ್ ಅಥವಾ ಉಣ್ಣೆಯ ಚೀಲವೇ ಬೇಕು, ಮಧ್ಯಾಹ್ನ ಬದಲಿಸಲು ಇನ್ನೊಂದು ಜೊತೆಯೂ ಬೇಕು. ನಡೆದಂತೆ ಪಾದ ಊದುವುದರಿಂದ ಶೂ ಅರ್ಧ ಸೈಜು ದೊಡ್ಡದಿರಬೇಕು. ಹೊಚ್ಚಹೊಸ ಶೂ ಹಾಕಿ ನಡಿಗೆಗೆ ಬರುವುದಂತೂ ಬೇಡವೇ ಬೇಡ. ನೀರಿನ ವಿಷಯದಲ್ಲೂ ಎಚ್ಚರ ಬೇಕು. ಗಂಟೆಗಟ್ಟಲೆ ಬೆವರುತ್ತಾ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಅಂಶ ಇಳಿದು ಅಪಾಯವಾಗುತ್ತದೆ. ಜೊತೆಗೆ ಉಪ್ಪಿನ ಅಂಶವೂ ಹೋಗಬೇಕು. ನಮ್ಮ ಉಪ್ಪು ಹಾಕಿದ ಮಜ್ಜಿಗೆ ಅಲ್ಲಿ ಸಿಗುವುದಿಲ್ಲವಾದ್ದರಿಂದ ಪಾಪ, ಅವರು ಬಣ್ಣದ ಪಾನೀಯ ಕುಡಿಯುತ್ತಾರೆ.

ಒಬ್ಬರೇ ತರಬೇತಿ ಮಾಡಬಹುದು, ಆದರೆ ಆರು ತಿಂಗಳು ಯಾರೂ ಒಬ್ಬರೇ ನಡೆಯುವುದಿಲ್ಲ. ತಂಡ ಕಟ್ಟಿಕೊಳ್ಳುತ್ತಾರೆ. ಅಕ್ಕತಂಗಿಯರು, ಸಹೋದ್ಯೋಗಿಗಳು, ಒಂದೇ ಬೀದಿಯವರು. ಗಂಟೆಗೆ ಮೂರು ಮೈಲಿ ವೇಗದಲ್ಲಿ 18 ಮೈಲಿ ನಡೆಯಲು ಆರು ಗಂಟೆ ಬೇಕು. ಓಡುವಾಗ ಉಸಿರು ಸಿಗದು, ನಡೆಯುವಾಗ ಮಾತಾಡಬಹುದು. ಎದುರುಬದುರು ಕೂತು ಹೇಳಲಾಗದ್ದನ್ನು ಪಕ್ಕಪಕ್ಕದಲ್ಲಿ ನಡೆಯುತ್ತಾ ಹೇಳುವುದು ಸುಲಭ. ತಾಯಿಯ ಕಾಯಿಲೆ, ತನ್ನದೇ ಭಯ, ಕೀಮೋಥೆರಪಿಯ ದಿನಗಳು ಇವೆಲ್ಲ ಆರನೇ ಮೈಲಿಯ ನಂತರ ಹೊರಬರುತ್ತವೆ. ಚಿಕಿತ್ಸೆ ಮುಗಿಸಿ ಬಂದವರೂ ಇದೇ ಗುಂಪಿನಲ್ಲಿ ನಡೆಯುತ್ತಿರುತ್ತಾರೆ.

ಇನ್ನು ಹಣದ ಕೆಲಸ. ಯಾರದೋ ಚಿಕಿತ್ಸೆಗೆಂದು ಡಬ್ಬಿ ಹಿಡಿದು ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸಿಗೆ ಹೋದವರಿಗೆ ಗೊತ್ತು, ಕೇಳುವುದು ಎಷ್ಟು ಕಷ್ಟ ಎಂದು. ಬಾಗಿಲಲ್ಲಿ ನಿಂತಾಗ ನಾಲಿಗೆ ಒಣಗುತ್ತದೆ. ಇಲ್ಲ ಎಂದರೆ ಅವಮಾನ, ಕೊಟ್ಟರೆ ಋಣ. ಅಮೆರಿಕದವರಿಗೂ ಹಾಗೇ. 60 ಮೈಲಿಗಿಂತ 2,300 ಡಾಲರ್‌ಗೆ ಹೆದರುವವರೇ ಹೆಚ್ಚು.

ಹೆದರಿಕೆಗೆ ಮೊದಲ ಮದ್ದು ಲೆಕ್ಕ. ವಾಣಿಜ್ಯ ವಿಭಾಗದವರು ಭಾಗಾಕಾರ ಮಾಡಿ ನೋಡಿ. ತಲಾ 50 ಡಾಲರ್ ಕೊಡುವ 46 ಜನ ಸಿಕ್ಕರೆ ಸಾಕು. ಅದನ್ನು 24 ವಾರಕ್ಕೆ ಹಂಚಿದರೆ ವಾರಕ್ಕೆ ಇಬ್ಬರು. ಅಲ್ಲಿನ ಹಲವು ಕಂಪನಿಗಳು ನೌಕರರು ಕೊಟ್ಟಷ್ಟೇ ಮೊತ್ತವನ್ನು ತಾವೂ ಸೇರಿಸಿ ಕೊಡುತ್ತವೆ, ಆಗ ಒಬ್ಬ ದಾನಿ ಇಬ್ಬರಾದಂತೆ. ತಂಡವಾಗಿ ಕೇಕ್ ಮಾರುತ್ತಾರೆ, ಕಾರು ತೊಳೆಯುತ್ತಾರೆ, ಮನೆಯ ಹಳೆ ಸಾಮಾನು ಅಂಗಳದಲ್ಲಿಟ್ಟು ಮಾರುತ್ತಾರೆ.

ಎರಡನೆಯ ಮದ್ದು ತರಬೇತಿಯೇ. ಒಂದು ಸಲ ಕೇಳಿ ಉತ್ತರ ಬರದವರನ್ನು ಮತ್ತೆ ಕೇಳುವುದು ಹೇಗೆ? ‘ಹಣ ಕಳಿಸಲಿಲ್ಲವಲ್ಲ’ ಎಂದು ಬರೆಯಲಾಗದು. ಆದರೆ ‘ಈ ವಾರ ಮೊದಲ ಬಾರಿ 12 ಮೈಲಿ ನಡೆದೆ, ಎರಡು ಉಗುರು ಕಪ್ಪಾದವು’ ಎಂದು ಬರೆಯಬಹುದು. ಅದು ಸುದ್ದಿ, ಬೇಡಿಕೆಯಲ್ಲ. ಓದಿದವರಿಗೆ ತಾವಾಗಿಯೇ ನೆನಪಾಗುತ್ತದೆ. ಇದು ಹಿಂದುಮುಂದಾಗಿಯೂ ಕೆಲಸ ಮಾಡುತ್ತದೆ. ಮಳೆ ಬರುವ ಭಾನುವಾರ ಬೆಳಗ್ಗೆ ಐದಕ್ಕೆ ಅಲಾರಂ ಹೊಡೆದಾಗ ಹಾಸಿಗೆಯಿಂದ ಎಬ್ಬಿಸುವುದು ಇಚ್ಛಾಶಕ್ತಿ ಎಂದು ನಾನು ನಂಬುವುದಿಲ್ಲ. ಈಗಾಗಲೇ 20 ಜನರ ಹಣ ಪಡೆದಾಗಿದೆ, ಅವರಿಗೆ ಏನೆಂದು ಹೇಳುವುದು ಎಂಬ ನಾಚಿಕೆಯೇ ಎಬ್ಬಿಸುತ್ತದೆ.

ಹಣಕ್ಕಿಂತ ದೊಡ್ಡದು ಇನ್ನೊಂದಿದೆ. ಕೇಳಲು ಹೊರಟಾಗ ವಿಷಯ ಹೇಳಲೇಬೇಕು. ಆ ಪದ ಬಾಯಿಂದ ಹೊರಬರಲೇಬೇಕು. ಹಾಗೆ ಹೇಳಿದಾಗ ಎದುರಿನವರು ‘ನಮ್ಮ ಅತ್ತೆಗೂ ಇತ್ತು’, ‘ನನಗೂ ಒಂದು ಗಂಟು ಇದೆ, ಯಾರಿಗೂ ಹೇಳಿಲ್ಲ’ ಎಂದು ಬಾಯಿಬಿಡುತ್ತಾರೆ. ಭಾರತದಲ್ಲಿ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ನಮ್ಮಲ್ಲಿ ಬಹಳಷ್ಟು ಮಂದಿ ಆಸ್ಪತ್ರೆಗೆ ಬರುವಾಗ ರೋಗ ಮುಂದುವರಿದಿರುತ್ತದೆ. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ತುಂಬಾ ಹೆಚ್ಚು ಎಂದು ಗೊತ್ತಿದ್ದೂ ಹೀಗಾಗುತ್ತಿದೆ. ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೋವಿದ್ದರೂ ಹೇಳಲು ಸಂಕೋಚ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಆದರೆ ಹೌದೋ ಅಲ್ಲವೋ ಎಂದು ಹೇಳಬೇಕಾದವರು ವೈದ್ಯರು. ಅಪರೂಪಕ್ಕೆ ಗಂಡಸರಿಗೂ ಈ ರೋಗ ಬರುತ್ತದೆ ಎಂಬುದು ನಮ್ಮ ಹುಡುಗರಿಗೆ ತಿಳಿದಿರಲಿ.

ನಮ್ಮ ದೇಶದಲ್ಲೂ ಇಂಥ ಪ್ರಯತ್ನವಿದೆ. ಮಿಲಿಂದ್ ಸೋಮನ್ 2012ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಪಿಂಕಥಾನ್ ಎಂಬ ಮಹಿಳೆಯರ ಓಟ ಬೆಂಗಳೂರಿಗೂ ಬಂದಿದೆ. ಅಲ್ಲಿ ಒತ್ತು ನಿಧಿ ಸಂಗ್ರಹಕ್ಕಿಂತ ಜಾಗೃತಿಯ ಮೇಲೆ.

ಅಮೆರಿಕದ ನಡಿಗೆಗಳಿಗೆ ಟೀಕೆಯೂ ಇದೆ, ಅದನ್ನು ಮುಚ್ಚಿಡಬಾರದು. ಇಷ್ಟು ಜನರಿಗೆ ಡೇರೆ, ಊಟ, ಸ್ನಾನ, ಆಂಬುಲೆನ್ಸ್, ಜಾಹೀರಾತು ಎಂದರೆ ಖರ್ಚು ಸಣ್ಣದಲ್ಲ. ಪಲೋಟಾ ಅವರ ಕಂಪನಿ ಸಂಗ್ರಹದ ಸುಮಾರು ಶೇಕಡ 40ರಷ್ಟನ್ನು ಜನರನ್ನು ಸೇರಿಸಲು, ವ್ಯವಸ್ಥೆ ಮಾಡಲು ಬಳಸುತ್ತಿದೆ ಎಂದು ಪತ್ರಿಕೆಗಳು ಗದ್ದಲವೆಬ್ಬಿಸಿದವು. 2002ರಲ್ಲಿ ಏವನ್ ಸಂಬಂಧ ಕಡಿದುಕೊಂಡಿತು, ಕಂಪನಿ ಮುಚ್ಚಿತು, 350 ಉದ್ಯೋಗಿಗಳು ಒಂದೇ ದಿನ ಕೆಲಸ ಕಳೆದುಕೊಂಡರು. ಐದು ವರ್ಷದಲ್ಲಿ ಈ ಮೂರು ದಿನದ ನಡಿಗೆಗಳಿಂದ ಎಲ್ಲ ಖರ್ಚು ಕಳೆದು 19.4 ಕೋಟಿ ಡಾಲರ್ ಉಳಿದಿತ್ತು, ತಾವು ಹೋದ ಮರುವರ್ಷ ಸಂಶೋಧನೆಗೆ ಸಿಕ್ಕ ಹಣ ಶೇಕಡ 84ರಷ್ಟು ಕುಸಿಯಿತು ಎಂಬುದು ಪಲೋಟಾ ಅವರ ವಾದ. ಖರ್ಚಿನ ಶೇಕಡಾವಾರು ಮಾತ್ರ ನೋಡಬೇಡಿ, ಕೊನೆಗೆ ರೋಗಿಗೆ ಎಷ್ಟು ತಲುಪಿತು ನೋಡಿ ಎನ್ನುತ್ತಾರೆ ಅವರು. ಮಾತಿನಲ್ಲಿ ತೂಕವಿದೆ. ಆದರೂ 50 ಡಾಲರ್ ಕೊಟ್ಟವರಿಗೆ ಅದರಲ್ಲಿ ಎಷ್ಟು ಡೇರೆಗೆ ಹೋಯಿತು ಎಂದು ಕೇಳುವ ಹಕ್ಕಿದೆ, ಆ ಉತ್ತರ ಹಣ ಕೇಳುವವರ ನಾಲಿಗೆಯ ತುದಿಯಲ್ಲೇ ಇರಬೇಕು ಎಂದು ನನಗನಿಸುತ್ತದೆ. ನಂಬಿಕೆ ಅಲುಗಿದರೆ ಏನಾಗುತ್ತದೆ ಎಂಬುದನ್ನು ಕೋಮೆನ್ ಸಂಸ್ಥೆಯೂ ಕಂಡಿತು. 2012ರಲ್ಲಿ ಅನುದಾನದ ನಿರ್ಧಾರವೊಂದು ದೊಡ್ಡ ವಿವಾದವಾಯಿತು. ಮುಂದಿನ ವರ್ಷ, ಭಾಗವಹಿಸುವವರು ಕಡಿಮೆಯಾದ ಕಾರಣ, 14 ನಗರಗಳ ನಡಿಗೆಯನ್ನು 7ಕ್ಕೆ ಇಳಿಸುವುದಾಗಿ ಸಂಸ್ಥೆ ಘೋಷಿಸಿತು.

ಆ ಮೂರು ದಿನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಲವು ಮೈಲಿಗೊಮ್ಮೆ ನೀರು, ತಿಂಡಿ, ಬೊಬ್ಬೆಗೆ ಪಟ್ಟಿ ಕಟ್ಟುವವರು. ಇಬ್ಬಿಬ್ಬರಿಗೆ ಒಂದರಂತೆ ಗುಲಾಬಿ ಡೇರೆಗಳ ಸಾಲು. ಕೈಲಾಗದವರನ್ನು ಹತ್ತಿಸಿಕೊಳ್ಳಲು ವ್ಯಾನು. ಅದನ್ನು ಹತ್ತುವುದು ಸೋಲೆಂದು ಯಾರೂ ಭಾವಿಸುವುದಿಲ್ಲ. ಕೊನೆಯ ದಿನದ ಸಮಾರಂಭದಲ್ಲಿ ಕ್ಯಾನ್ಸರ್ ಗೆದ್ದವರು ಒಳಗೆ ಬರುವಾಗ ನಡೆದವರೆಲ್ಲ ಒಂದು ಕಾಲಿನ ಶೂ ಬಿಚ್ಚಿ ಕೈಯಲ್ಲಿ ಎತ್ತಿ ಹಿಡಿದು ಗೌರವ ಸಲ್ಲಿಸುತ್ತಾರೆ. ನಮ್ಮಲ್ಲಿ ಯಾರ ಮುಂದಾದರೂ ಚಪ್ಪಲಿ ಎತ್ತಿದರೆ ಜಗಳವೇ ಆದೀತು! ಅಲ್ಲಿ, 60 ಮೈಲಿ ಸವೆದ ಆ ಶೂಗಿಂತ ದೊಡ್ಡ ಹಾರ ಅವರ ಬಳಿ ಇರುವುದಿಲ್ಲ.

ಸೋಮವಾರ ಮೆಟ್ಟಿಲು ಇಳಿಯಲೂ ಕಷ್ಟ. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತು ಮಾಡುವ ಕೆಲಸವೊಂದು ಬಾಕಿ ಇರುತ್ತದೆ: 46 ಜನರಿಗೂ ಹೆಸರು ಹಿಡಿದು ಕೃತಜ್ಞತಾ ಪತ್ರ ಬರೆಯುವುದು.