ಮಾವಿನ ಮರದೊಳಗೆ ಕೊರೆಯೋದು ಯಾರು?

ಈಸೂರಿನ ಕೇಳುಗರೊಬ್ಬರು ಫೋಟೊ ಕಳಿಸಿದ್ದಾರೆ. ಹಿತ್ತಲ ಮಾವಿನ ಬುಡದಲ್ಲಿ ಮರದ ಹೊಟ್ಟು ಉದುರಿದೆ, ಪಕ್ಕದಲ್ಲಿ ಮೈಗಿಂತ ಉದ್ದ ಮೀಸೆಯ ಬೂದು ದುಂಬಿ. "ಒಂದು ಕೊಂಬೆ ಆಗ್ಲೇ ಒಣಗಿದೆ, ಇದರದ್ದೇ ಕೆಲಸಾನಾ?" ಅಂತ ಕೇಳಿದ್ದಾರೆ. ಗುರುತು ನೋಡಿದ್ರೆ ಹೌದು, ಇದರ ಮರಿಯದ್ದು.

ಇದು ಬಟೋಸೆರಾ ರುಫೋಮ್ಯಾಕ್ಯುಲೇಟಾ. ಮೊದಲ ಪದ ಕುಲ, ಎರಡೂ ಸೇರಿದ್ರೆ ಪ್ರಭೇದದ ಹೆಸರು. ಕುಟುಂಬ ಸೆರಾಂಬಿಸಿಡೇ, ಅಂದ್ರೆ ಉದ್ದ ಮೀಸೆಯ ದುಂಬಿಗಳದ್ದು. ಅದರೊಳಗೆ ಲಾಮಿಯಿನೇ ಅನ್ನೋ ಉಪಕುಟುಂಬ. ಇವುಗಳ ಮುಖ ಚಪ್ಪಟೆ, ಗೋಡೆಯ ಹಾಗೆ ನೆಟ್ಟಗೆ ಕೆಳಗಿಳಿದಿರುತ್ತೆ. ಈ ಪ್ರಭೇದವನ್ನು 1775ರಲ್ಲಿ ಮೊದಲು ವರ್ಣಿಸಿದವರು ಸ್ವೀಡನ್ನಿನ ಡೆ ಗೀರ್.

ಗುರುತು ಹಿಡಿಯೋದು ಸುಲಭ. ಮೈ ಸುಮಾರು 5 ಸೆಂ.ಮೀ. ತಲೆಯ ಹಿಂದಿನ ಎದೆಭಾಗದ ಎರಡೂ ಪಕ್ಕಕ್ಕೆ ಒಂದೊಂದು ಚೂಪು ಮುಳ್ಳು, ಬೆನ್ನ ಕಡೆ ಎರಡು ಕೆಂಪು-ಕಿತ್ತಳೆ ಮಚ್ಚೆ. ಲ್ಯಾಟಿನ್ ಹೆಸರಿನ ಅರ್ಥವೂ 'ಕೆಂಪು ಮಚ್ಚೆಯದು' ಅಂತಲೇ. ಗಂಡಿನ ಮೀಸೆ ಹೆಣ್ಣಿನದಕ್ಕಿಂತ ಉದ್ದ.

ಆದ್ರೆ ದುಂಬಿ ಹೊಡೆದ ಮಾತ್ರಕ್ಕೆ ಮರ ಉಳಿಯಲ್ಲ. ಹೆಣ್ಣು ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತೆ. ಕಾಲಿಲ್ಲದ, ಕೆನೆ ಬಣ್ಣದ ಮರಿಹುಳು ತಿಂಗಳುಗಟ್ಟಲೆ ಒಳಗೇ ಸುರಂಗ ಕೊರೆಯುತ್ತೆ; ಬೆಳೆದಾಗ 8-9 ಸೆಂ.ಮೀ. ಆಗುತ್ತೆ. ಆಹಾರ, ನೀರು ಹರಿಯೋ ದಾರಿ ಕಡಿದುಹೋಗಿ ಕೊಂಬೆ ಒಣಗುತ್ತೆ.

ಹಾಗಾಗಿ ಹೊಟ್ಟು ಉದುರೋ ತೂತು ಹುಡುಕಿ. ತಂತಿ ತೂರಿಸಿ ಹುಳುವನ್ನು ತೆಗೆದು, ಬಾಯಿಗೆ ಕೆಸರು ಮೆತ್ತಿ. ಪೂರ್ತಿ ಒಣಗಿದ ಕೊಂಬೆ ಕಡಿದು ಸುಟ್ಟುಬಿಡಿ. ಹಲಸು, ಅತ್ತಿ ಮರಗಳನ್ನೂ ಒಮ್ಮೆ ನೋಡಿ, ಅವೂ ಇದಕ್ಕೆ ಇಷ್ಟ.