ಕರೆಂಟ್ ಹೋದ ಮೇಲೆ ಸುದ್ದಿ ಮುಟ್ಟುವ ಬಗೆ

ಪುನರ್ವಸು, ಪುಷ್ಯ ಮಳೆ ಬಿಡದೆ ಹೊಡೆಯತೊಡಗಿದರೆ ಶೃಂಗೇರಿಯಲ್ಲಿ ಎಲ್ಲರೂ ಕೇಳುವುದು ಒಂದೇ: ಕಪ್ಪೆ ಶಂಕರ ಮುಳುಗಿತಾ? ತುಂಗೆಯ ದಡದ ಆ ಪುಟ್ಟ ಗುಡಿಯನ್ನು ನೀರು ಮುಚ್ಚಿದರೆ ಮುಂದಿನ ಸರದಿ ಗಾಂಧಿ ಮೈದಾನದ್ದು. ಈಗ ಮುಳುಗಿದ ಗುಡಿಯ ಫೋಟೊ ನಿಮಿಷಗಳಲ್ಲಿ ಕೊಪ್ಪ, ನರಸಿಂಹರಾಜಪುರ ದಾಟಿ ಬೆಂಗಳೂರಿನಲ್ಲಿರುವ ಮಕ್ಕಳ ವಾಟ್ಸ್ಆ್ಯಪ್‌ಗೂ ಹೋಗಿರುತ್ತದೆ. ಕೆರೆಕಟ್ಟೆ ಕಡೆಯ ಕಾಡಿನ ಒಂಟಿ ಮನೆಗೆ ಹೋಗಿರುತ್ತದೆಯೇ ಎಂಬುದು ಬೇರೆ ಮಾತು.

ಮಾಹಿತಿಗೆ ಬರವಿಲ್ಲ. 1988ರಲ್ಲಿ ಬರದ ಮೇಲೆ ಕಣ್ಣಿಡಲೆಂದು ಹುಟ್ಟಿದ ಘಟಕವೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಅದು ನೆಟ್ಟಿರುವ ಮಳೆಮಾಪಕಗಳು ಬಿಸಿಲಿನ ವಿದ್ಯುತ್ತಿನಲ್ಲಿ ನಡೆಯುತ್ತ, 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಒಪ್ಪಿಸುತ್ತವೆ. ರೈತರಿಗೆ ‘ವರುಣಮಿತ್ರ’ ಸಹಾಯವಾಣಿಯಿದೆ, ಮಿಂಚಿನ ಮುನ್ಸೂಚನೆಗೆ ‘ಸಿಡಿಲು’ ಆ್ಯಪ್ ಇದೆ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳೆಲ್ಲ ಒಮ್ಮೆಲೇ ವಿಚಿತ್ರವಾಗಿ ಕಿರುಚಿ ಜನರನ್ನು ಬೆಚ್ಚಿಬೀಳಿಸಿದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಇದಕ್ಕೆ ಯಾರ ನಂಬರೂ ಬೇಡ. ಟವರಿನ ವ್ಯಾಪ್ತಿಯಲ್ಲಿರುವ ಫೋನ್‌ಗಳಿಗೆಲ್ಲ ಒಟ್ಟಿಗೇ ಸಂದೇಶ ಬೀಳುತ್ತದೆ, ಕರೆಗಳ ದಟ್ಟಣೆ ಅಡ್ಡ ಬರುವುದಿಲ್ಲ.

ಟವರಿಗೆ ಜೀವ ಇದ್ದರೆ ಮಾತ್ರ.

ಮಲೆನಾಡಿನ ತೊಡಕು ಇಲ್ಲಿಯೇ. ಮರ ತಂತಿಯ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ. ಆಮೇಲೆ ಜನರೇಟರಿಗೆ ಡೀಸೆಲ್ ತರೋಣವೆಂದರೆ ಧರೆ ಕುಸಿದು ರಸ್ತೆಯೇ ಇರುವುದಿಲ್ಲ. ಮಳೆಮಾಪಕದ ಲೆಕ್ಕ ಸಾಗುವುದೂ ಮೊಬೈಲ್ ಜಾಲದಲ್ಲೇ.

ಇಂಥ ಹೊತ್ತಿನಲ್ಲಿ ಸ್ವಯಂಸೇವಾ ಸಂಸ್ಥೆಗಳ ಬೆಲೆ ಗೊತ್ತಾಗುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 2020ರಲ್ಲಿ ಆರಂಭಿಸಿದ ‘ಶೌರ್ಯ’ ವಿಪತ್ತು ನಿರ್ವಹಣಾ ಘಟಕದಲ್ಲಿ ಇರುವವರು ಊರಿನವರೇ. ಫೋನ್ ನಡೆಯುವಷ್ಟು ಹೊತ್ತು ಒಂದು ಕರೆ ಸಾಕು, ರಸ್ತೆಗೆ ಬಿದ್ದ ಮರ ಕಡಿಯಲು ಹೊರಡುತ್ತಾರೆ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾವ ಕಾಲುಸಂಕ ಗಟ್ಟಿಯಿಲ್ಲ ಎಂಬುದನ್ನು ಊರಿನವರಷ್ಟು ಯಾವ ಆ್ಯಪೂ ಅರಿಯದು.

ಆದರೆ ಅದೇ ಫೋನು ಸುಳ್ಳನ್ನೂ ಹೊರುತ್ತದೆ. 2018ರ ಕೇರಳದ ನೆರೆಯಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಬಿರುಕು ಬಿಟ್ಟಿತೆಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ಹರಡಿ, ಮೊದಲೇ ಕಂಗೆಟ್ಟಿದ್ದ ಜನರನ್ನು ಇನ್ನಷ್ಟು ನಡುಗಿಸಿತು.

ನೆರೆಯ ವಯನಾಡಿನಿಂದ ಕಲಿಯುವುದು ಬಹಳವಿದೆ. ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರ ಜಿಲ್ಲೆಯುದ್ದಕ್ಕೂ 200ಕ್ಕೂ ಹೆಚ್ಚು ಮಳೆಮಾಪಕಗಳ ಲೆಕ್ಕ ಕಲೆಹಾಕುತ್ತಿತ್ತು. 2024ರ ಜುಲೈ 30ರ ಭೂಕುಸಿತದ ಹಿಂದಿನ ದಿನವೇ ಅದು ಜಿಲ್ಲಾಡಳಿತಕ್ಕೆ ಅಪಾಯದ ಸೂಚನೆ ಕೊಟ್ಟಿತ್ತು. ಹಾಗಿದ್ದೂ 250ಕ್ಕೂ ಹೆಚ್ಚು ಜನ ಸತ್ತರು. ಸೂಚನೆ ಕಚೇರಿ ಮುಟ್ಟುವುದಕ್ಕೂ ಮನೆ ಮುಟ್ಟುವುದಕ್ಕೂ ನಡುವೆ ಎಷ್ಟು ದೂರವಿದೆ ನೋಡಿ. ಕೊಪ್ಪ, ಬಾಳೆಹೊನ್ನೂರು ಸೀಮೆಯ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಡೈರಿಗೆ ಬರೆದಿಡುವ ರೂಢಿ ಹಳೆಯದು. ಆ ಲೆಕ್ಕ ದಿನಾ ಒಂದೆಡೆ ಸೇರಿದರೆ ಖರ್ಚಿಲ್ಲದ ಎಚ್ಚರಿಕೆ ಜಾಲವೊಂದು ಅರ್ಧ ಸಿದ್ಧವಾದಂತೆಯೇ.

ಉಳಿದರ್ಧ, ಟವರ್ ಸತ್ತಾಗಲೂ ಸುದ್ದಿ ಮುಟ್ಟಿಸುವುದು. ಅದಕ್ಕೂ ವಯನಾಡಿನಲ್ಲೇ ಮಾದರಿಯುಂಟು. ಅಲ್ಲಿ ಹ್ಯಾಮ್ ರೇಡಿಯೊ ಹವ್ಯಾಸಿಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಂದ್ರ ತೆರೆದು, ದುರಂತದ ಜಾಗದೊಡನೆ ಸಂಪರ್ಕ ಇಟ್ಟುಕೊಂಡರು. ಹ್ಯಾಮ್ ಸೆಟ್ಟಿಗೆ ಟವರ್ ಬೇಡ, ಕಾರಿನ ಬ್ಯಾಟರಿ ಸಾಕು. ಪರವಾನಗಿಗೆ ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸಾಗಬೇಕು. 12 ವರ್ಷ ತುಂಬಿದ್ದರೆ ಹೈಸ್ಕೂಲಿನ ಮಕ್ಕಳೂ ಬರೆಯಬಹುದು.