ಹೃದ್ರೋಗ ಮತ್ತು ಮನೆತನದ ನೆನಪು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ನಿಧನರಾದಾಗ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗಾಗಿ ಜನ ಕಿಕ್ಕಿರಿದರು. ಭಯ ಎಲ್ಲರನ್ನೂ ಒಂದೇ ತೆರನಾಗಿ ಆವರಿಸಿತು. ಆದರೆ ಅಪಾಯ ಎಲ್ಲರಿಗೂ ಒಂದೇ ತೆರನಾಗಿಲ್ಲ. ಕೆಲವು ಮನೆತನಗಳಲ್ಲಿ ಅದು ಹೆಚ್ಚು.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಹೃದಯಕ್ಕೂ ಒಂದು ಮಟ್ಟಿಗೆ ಅನ್ವಯಿಸುತ್ತದೆ. ರಕ್ತದಲ್ಲಿನ ಕೊಲೆಸ್ಟರಾಲನ್ನು ಹೀರಿಕೊಳ್ಳುವ ಗ್ರಾಹಕಗಳು ಯಕೃತ್ತಿನಲ್ಲಿವೆ. ಇವುಗಳ ಶೋಧಕ್ಕಾಗಿ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಅಮೆರಿಕದ ವೈದ್ಯರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗ್ರಾಹಕಗಳನ್ನು ರೂಪಿಸುವ ವಂಶವಾಹಿಯಲ್ಲಿ ದೋಷವಿದ್ದರೆ, ಕೃಶಕಾಯರಲ್ಲಿಯೂ ಸಸ್ಯಾಹಾರಿಗಳಲ್ಲಿಯೂ ಹುಟ್ಟಿನಿಂದಲೇ ಕೊಲೆಸ್ಟರಾಲ್ ಏರಿರುತ್ತದೆ. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಈ ದೋಷವುಂಟು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಶೇಕಡಾ 50. ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲ ಇನ್ನೊಂದು ವಂಶವಾಹಿ ದೋಷ ಭಾರತೀಯರಲ್ಲಿ 100ಕ್ಕೆ ಸುಮಾರು 4 ಮಂದಿಯಲ್ಲಿದೆಯೆಂದು ಹೈದರಾಬಾದಿನ ವಿಜ್ಞಾನಿಗಳೂ ಅವರ ಸಹಯೋಗಿಗಳೂ 2009ರಲ್ಲಿ ಪ್ರಕಟಿಸಿದರು.

ಕಳವಾದಂತಹ ಊರಿನಲ್ಲಿ ನೆಲೆಸಿದ ನಮಗೆ ಇಲ್ಲಿಯೇ ಒಂದು ತೊಡಕುಂಟು. ‘ಮನೆಯಲ್ಲಿ ಯಾರಿಗಾದರೂ ಹೃದ್ರೋಗವಿತ್ತೇ?’ ಎಂದು ವೈದ್ಯರು ಕೇಳಿದಾಗ ನಮಗೆ ಉತ್ತರ ತೋಚುವುದಿಲ್ಲ. ದೊಡ್ಡಪ್ಪ ಗದ್ದೆಯ ಬದುವಿನ ಮೇಲೆ ಕುಸಿದುಬಿದ್ದರಂತೆ, ಸೋದರಮಾವ ನಿದ್ದೆಯಲ್ಲಿಯೇ ಹೋದರಂತೆ ಎಂಬಷ್ಟೇ ಗೊತ್ತು. ಉತ್ತರ ಊರಿನಲ್ಲಿ, ಹಿರಿಯರ ನೆನಪಿನಲ್ಲಿ ಉಳಿದಿರುತ್ತದೆ. ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟ ಸಂಗತಿಗಳೂ ಇಲ್ಲದಿಲ್ಲ.

ಆದ್ದರಿಂದ ಬಂಧುಗಳು ಮುಂದಿನ ಸಲ ಊರಿಗೆ ಹೋದಾಗ ಯಾರು, ಯಾವ ವಯಸ್ಸಿನಲ್ಲಿ, ಹೇಗೆ ತೀರಿಕೊಂಡರೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ತಂದೆಗೋ ಸೋದರನಿಗೋ 55ಕ್ಕೆ ಮುನ್ನ, ತಾಯಿಗೋ ಸೋದರಿಗೋ 65ಕ್ಕೆ ಮುನ್ನ ಹೃದ್ರೋಗ ಬಂದಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮನೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನಲ್ಲಿ ಹೃದ್ರೋಗಿಯಾದರೆ ಒಡಹುಟ್ಟಿದವರೂ ಮಕ್ಕಳೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಚಿಕಿತ್ಸೆಯ ಒಂದು ಭಾಗವೇ ಸರಿ.

ವಂಶವಾಹಿ ಹಣೆಬರಹವಲ್ಲ. ದೋಷ ಬೇಗ ಪತ್ತೆಯಾದರೆ ಸ್ಟ್ಯಾಟಿನ್ ಮಾತ್ರೆಗಳಿಂದ ಕೊಲೆಸ್ಟರಾಲನ್ನು ಇಳಿಸಿ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಬಹುದು. ತಂಬಾಕನ್ನು ತ್ಯಜಿಸುವುದು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವುದು ನಮ್ಮ ಕೈಯಲ್ಲಿಯೇ ಇವೆ. ಹಿರಿಯರು ಬಿಟ್ಟುಹೋದ ಆಸ್ತಿಯ ಪತ್ರಗಳನ್ನು ಜೋಪಾನ ಮಾಡುವ ನಾವು ಅವರ ಆರೋಗ್ಯದ ವೃತ್ತಾಂತವನ್ನೂ ಮಕ್ಕಳಿಗಾಗಿ ಕಾದಿಡೋಣ.